ಬಾಯಿಬಿಟ್ಟು ಕೇಳಲಾಗದ ಮಕ್ಕಳ ಪರವಾಗಿ ಕಾಲೇಜುಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಕಾಲೇಜು ಶಿಕ್ಷಣ ಇಲಾಖೆ, ಬೆಂಗಳೂರು,
ಹಾಗೂ ರಾಜ್ಯದ ಪದವಿ ಕಾಲೇಜುಗಳ ಎಲ್ಲ ಪ್ರಾಂಶುಪಾಲರು ಮತ್ತು ಅಧ್ಯಾಪಕರು

ವಿಷಯ: ಸಂಕೋಚ ಸ್ವಭಾವದ ವಿದ್ಯಾರ್ಥಿಗಳನ್ನು ನಮ್ಮ ಕಾಲೇಜುಗಳು ನಡೆಸಿಕೊಳ್ಳುತ್ತಿರುವ ರೀತಿ

ಮಾನ್ಯರೇ,

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಪಾಠ ಮಾಡಿದವಳಲ್ಲ. ಆದರೆ ತರಗತಿಯಲ್ಲಿ ಅಧ್ಯಾಪಕರ ಕಣ್ಣಿಗೆ ಬೀಳದ ಕೆಲವು ಮಕ್ಕಳು ಲೈಬ್ರರಿಯಲ್ಲಿ ಚೆನ್ನಾಗಿ ಕಾಣುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತಾರೆ. ಎಲ್ಲರೂ ಓದಲು ಬರುವವರಲ್ಲ. ಕಾರಿಡಾರಿನಲ್ಲಿ ನಿಲ್ಲಲು ಒಂದು ಗುಂಪು ಬೇಕು, ಕ್ಯಾಂಟೀನಿನಲ್ಲಿ ಕೂರಲು ಒಬ್ಬ ಗೆಳೆಯನಾದರೂ ಬೇಕು. ಅದು ಇಲ್ಲದವರಿಗೆ ಒಬ್ಬರೇ ಕೂತರೂ ಯಾರೂ ಏಕೆಂದು ಕೇಳದ ಜಾಗ ಕಾಲೇಜಿನಲ್ಲಿ ಇದೊಂದೇ. ಪೇಪರ್ ಬಿಡಿಸಿಟ್ಟುಕೊಂಡು, ಪುಟ ತಿರುಗಿಸದೆ, ಬೆಲ್ ಹೊಡೆಯುವವರೆಗೆ ಕೂತಿರುತ್ತಾರೆ. ಅಂಥ ಮಕ್ಕಳ ವಿಚಾರಕ್ಕೆ ಈ ಪತ್ರ.

ಲೈಬ್ರರಿಯಲ್ಲಿ ಒಂದು ಡಬ್ಬ ಇಟ್ಟಿದ್ದೆ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಿ ಎಂದು ಅದರ ಮೇಲೆ ಬರೆದಿತ್ತು. ಸ್ವಲ್ಪ ಕಾಲದಲ್ಲೇ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಚೀಟಿಗಳು ಬರತೊಡಗಿದವು. "ಮೇಡಂ, ಹಾಲ್ ಟಿಕೆಟಿನಲ್ಲಿ ನನ್ನ ಹೆಸರು ತಪ್ಪಾಗಿದೆ, ಯಾರಿಗೆ ಹೇಳಬೇಕು?" "ಸ್ಕಾಲರ್‌ಶಿಪ್ ಎಲ್ಲರಿಗೂ ಬಂದಿದೆ, ನನಗೆ ಬಂದಿಲ್ಲ." "ನಾನು ಸೆಕ್ಷನ್ ಬದಲಾಯಿಸಬಹುದಾ? ಇಲ್ಲಿ ನನಗೆ ಯಾರೂ ಪರಿಚಯ ಇಲ್ಲ." ಹೆಸರು ಬರೆಯದ ಒಂದು ಚೀಟಿಯಲ್ಲಿ ಹೀಗಿತ್ತು: "ನಾನು ಇವತ್ತು ಕಾಲೇಜಲ್ಲಿ ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲ." ಬರೆದವರು ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಹತ್ತು ಹೆಜ್ಜೆ ನಡೆದರೆ ಕಚೇರಿಯ ಕೌಂಟರ್ ಇದೆ. ಅಲ್ಲಿ ಗುಮಾಸ್ತರಿದ್ದಾರೆ. ಆದರೂ ಮಕ್ಕಳು ಪುಸ್ತಕದ ಡಬ್ಬಕ್ಕೆ ಚೀಟಿ ಹಾಕುತ್ತಿದ್ದರು. ಏಕೆ ಎಂದು ಕಾಲೇಜು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಾನು ಸಭೆಯಲ್ಲಿ ಈ ಮಾತೆತ್ತಿದಾಗ ಬಂದ ಉತ್ತರ, "ಅವರು ಕಲಿಯಬೇಕು ಮೇಡಂ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆ ಇಲ್ವಾ?" ಗಾದೆ ಏನೋ ಇದೆ. ಆದರೆ ಸರ್ಕಾರಿ ಕಾಲೇಜಿನಲ್ಲಿ ಹಕ್ಕಿನಿಂದ ಸಿಗಬೇಕಾದದ್ದು ಬಾಯಿದ್ದವರಿಗೆ ಮಾತ್ರ ಸಿಗುವಂತಿದ್ದರೆ ಅದು ನಮ್ಮ ವ್ಯವಸ್ಥೆಯ ದೋಷ. ಮಗುವಿನ ದೋಷ ಅಂತ ನಾನು ಒಪ್ಪುವುದಿಲ್ಲ.

ಸ್ಕಾಲರ್‌ಶಿಪ್ ವಿಷಯವನ್ನೇ ತೆಗೆದುಕೊಳ್ಳಿ. ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹೋಗುತ್ತದೆ, ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಬ್ಯಾಂಕಿನಲ್ಲಿ ಆ ಜೋಡಣೆ ಸರಿ ಇಲ್ಲದಿದ್ದರೆ ಹಣ ನಿಲ್ಲುತ್ತದೆ. ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಕಾಲೇಜಿನಲ್ಲಿ ಒಮ್ಮೆ ಕೇಳಬೇಕು, ಬ್ಯಾಂಕಿನಲ್ಲಿ ಒಮ್ಮೆ ಕೇಳಬೇಕು. ಬಿ.ಕಾಂ. ಓದುತ್ತಿದ್ದ ಒಬ್ಬಳು ಹುಡುಗಿ ಕೌಂಟರ್ ಹತ್ತಿರ ಹೋಗುತ್ತಿದ್ದಳು, ನಾಲ್ಕು ಜನ ಕಂಡರೆ ವಾಪಸ್ ಬರುತ್ತಿದ್ದಳು. ಯಾರೂ ಇಲ್ಲದ ಹೊತ್ತು ನೋಡಿ ಹೋದಾಗ ಗುಮಾಸ್ತರು ತಲೆಯೆತ್ತದೆ "ಏನು?" ಅಂದರು. ಅಷ್ಟಕ್ಕೇ ಗಂಟಲು ಕಟ್ಟಿ "ಏನಿಲ್ಲ ಸರ್" ಎಂದು ಬಂದುಬಿಟ್ಟಳು. ಆ ವರ್ಷದ ಹಣ ಅವಳಿಗೆ ಬರಲೇ ಇಲ್ಲ. ತಂದೆ ಕೂಲಿ ಮಾಡುವವರು. ಆಕೆ ಸೋಮಾರಿಯಲ್ಲ, ದಡ್ಡಿಯೂ ಅಲ್ಲ. ತರಗತಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದವಳು.

ಇಂಥ ಮಕ್ಕಳು ಎಲ್ಲೋ ಒಬ್ಬಿಬ್ಬರು ಇರುತ್ತಾರೆ ಎಂದು ಭಾವಿಸಬೇಡಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಸಮೀಕ್ಷೆ ಮಾಡಿದಾಗ ಉತ್ತರಿಸಿದವರಲ್ಲಿ ಸುಮಾರು ಶೇಕಡ 40ರಷ್ಟು ಮಂದಿ ತಮ್ಮನ್ನು ಸಂಕೋಚದವರು ಎಂದೇ ಕರೆದುಕೊಂಡರು. ಮಾತುಗಾರರ ನಾಡೆಂದು ನಾವು ತಿಳಿದಿರುವ ದೇಶದ ಮಾತಿದು. ಕೆಲವರಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಅಲ್ಲಿಯದೇ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಅವರು ಹಸುಗೂಸುಗಳನ್ನು ವರ್ಷಗಟ್ಟಲೆ ಗಮನಿಸಿ, ನಾಲ್ಕೇ ತಿಂಗಳ ಕೂಸುಗಳಲ್ಲೂ ಕೆಲವು ಹೊಸ ಸದ್ದಿಗೆ, ಹೊಸ ವಸ್ತುವಿಗೆ ಜಾಸ್ತಿ ಬೆಚ್ಚುತ್ತವೆ, ಮುಂದೆ ಅಪರಿಚಿತರೆದುರು ಹಿಂಜರಿಯುವವರಲ್ಲಿ ಅವೇ ಹೆಚ್ಚು ಎಂದು ತೋರಿಸಿದರು. ಹೀಗಿರುವಾಗ "ಮನಸ್ಸು ಮಾಡಿದರೆ ಒಂದು ದಿನದಲ್ಲಿ ಹೋಗುತ್ತೆ" ಎನ್ನುವ ನಮ್ಮ ಬುದ್ಧಿಮಾತು ಎಷ್ಟು ಹಗುರ ಎಂದು ಯೋಚಿಸಿ.

ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಸುಮ್ಮನಿರುವ ಎಲ್ಲರೂ ಕಷ್ಟದಲ್ಲಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ಇರುವುದು ಇಷ್ಟವಾಗಿ ಒಬ್ಬರೇ ಇರುವವರು ಬಹಳ ಜನ ಇದ್ದಾರೆ. ಅವರ ಪಾಡಿಗೆ ಅವರನ್ನು ಬಿಡಬೇಕು. ತೊಂದರೆ ಇರುವುದು ಜನ ಬೇಕು, ಗೆಳೆತನ ಬೇಕು, ಆದರೆ ಹತ್ತಿರ ಹೋಗಲು ಆಗುತ್ತಿಲ್ಲ ಎನ್ನುವವರಿಗೆ. 1981ರಲ್ಲಿ ಜೊನಾಥನ್ ಚೀಕ್ ಮತ್ತು ಆರ್ನಲ್ಡ್ ಬಸ್ ಎಂಬ ಸಂಶೋಧಕರು ಇವೆರಡೂ ಬೇರೆ ಬೇರೆ ಎಂದು ತೋರಿಸಿದರು. ಅಪರಿಚಿತರೊಡನೆ ಮಾತಿಗೆ ಕೂರಿಸಿದಾಗ ಅತಿ ಹೆಚ್ಚು ಒದ್ದಾಡಿದವರು ಬೆರೆಯುವ ಆಸೆ ಮತ್ತು ಸಂಕೋಚ ಎರಡೂ ಇದ್ದವರು. ನನ್ನ ಲೈಬ್ರರಿಯಲ್ಲಿ ಪುಟ ತಿರುಗಿಸದೆ ಕೂತವರು ಇವರೇ. ಕಿಟಕಿಯಾಚೆ ನಗುವ ಗುಂಪಿನ ಕಡೆಗೇ ಅವರ ಕಣ್ಣು ಇರುತ್ತಿತ್ತು.

ನಮ್ಮ ಕಾಲೇಜುಗಳಲ್ಲಿ ಇಂಥವರಿಗೆ ಎರಡೇ ಉಪಚಾರ. ಒಂದು, ಹೊಗಳಿಕೆ. "ಬಹಳ ಸಂಭಾವಿತ ಹುಡುಗ, ತಂಟೆ ತಕರಾರಿಲ್ಲ." ಇನ್ನೊಂದು, ಗೇಲಿ. "ಏನಪ್ಪಾ, ಬಾಯಲ್ಲಿ ಬೆಣ್ಣೆ ಇಟ್ಕೊಂಡಿದ್ದೀಯಾ?" ಎರಡರಿಂದಲೂ ಆ ಹುಡುಗನಿಗೆ ಏನೂ ಸಿಗುವುದಿಲ್ಲ. ಹೊಗಳಿದವರು ಅವನ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಗೇಲಿ ಮಾಡಿದವರ ಕಡೆ ಅವನೇ ತಿರುಗಿ ನೋಡುವುದಿಲ್ಲ.

ಹಳ್ಳಿಯಲ್ಲಿ ಮೆತ್ತಗಿರುವುದು ಒಳ್ಳೆಯ ಗುಣ ಎನ್ನಿಸಿಕೊಂಡು ಬೆಳೆದ ಹುಡುಗ ಪೇಟೆಯ ಕಾಲೇಜಿಗೆ ಬಂದ ತಕ್ಷಣ ಅದೇ ಗುಣ ಕೊರತೆ ಎನ್ನಿಸಿಕೊಳ್ಳುತ್ತದೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಚೀನಾದ ಶಾಂಘೈನಲ್ಲಿ ಶಿನ್‌ಯಿನ್ ಚೆನ್ ಮತ್ತು ಸಂಗಡಿಗರು 1990, 1998 ಮತ್ತು 2002ರ ಶಾಲಾ ಮಕ್ಕಳನ್ನು ಹೋಲಿಸಿ ನೋಡಿದರು. 1990ರಲ್ಲಿ ಸಂಕೋಚದ ಮಕ್ಕಳನ್ನು ಜೊತೆಯವರೂ ಶಿಕ್ಷಕರೂ ಮೆಚ್ಚುತ್ತಿದ್ದರು. 2002ರ ಹೊತ್ತಿಗೆ ಅಂಥ ಮಕ್ಕಳನ್ನು ಜೊತೆಯವರು ದೂರ ಇಡತೊಡಗಿದ್ದರು, ಆ ಮಕ್ಕಳಲ್ಲಿ ಖಿನ್ನತೆಯೂ ಕಂಡಿತು. ಊರು ಬದಲಾಯಿತು, ಮಾರುಕಟ್ಟೆ ಬಂತು, ಮುನ್ನುಗ್ಗುವವರಿಗೆ ಬೆಲೆ ಬಂತು. ಅಲ್ಲಿ 12 ವರ್ಷದಲ್ಲಿ ಆದ ಬದಲಾವಣೆಯನ್ನು ನಮ್ಮ ಹುಡುಗ ಒಂದೇ ಬೇಸಿಗೆ ರಜೆಯಲ್ಲಿ ದಾಟುತ್ತಾನೆ, ಪಿಯುಸಿಯಿಂದ ಪದವಿಗೆ ಬರುವಾಗ. ಅವನ ಕೈ ಹಿಡಿಯುವವರು ಯಾರೂ ಇಲ್ಲ.

ಅದಕ್ಕೆ ಇಂಗ್ಲಿಷ್ ಸೇರಿಕೊಂಡರೆ ಕಥೆ ಮುಗಿದ ಹಾಗೆ. ನಾನು ಕಣ್ಣಾರೆ ಕಂಡ ಮೌನದಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟು ಸ್ವಭಾವದ್ದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಿಸಿಎ, ಬಿ.ಎಸ್ಸಿ., ಬಿ.ಕಾಂ. ಸೇರಿದ ಮಕ್ಕಳು ಮನೆಯಲ್ಲಿ, ಊರ ಜಾತ್ರೆಯಲ್ಲಿ, ಕಬಡ್ಡಿ ಅಂಗಳದಲ್ಲಿ ಚೆನ್ನಾಗಿಯೇ ಮಾತಾಡುತ್ತಾರೆ. ತರಗತಿಗೆ ಬಂದ ಮೇಲೆ ಮೂಕರಾಗುತ್ತಾರೆ. ಬಿಸಿಎ ಓದುತ್ತಿದ್ದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಆಂತರಿಕ ಅಂಕಕ್ಕೆ ಸೆಮಿನಾರ್ ಕೊಡಬೇಕಿತ್ತು. ಅವನು ನನ್ನ ಲೈಬ್ರರಿಯಲ್ಲೇ ಕೂತು ಬರೆದುಕೊಂಡಿದ್ದ. ವಿಷಯ ಗೊತ್ತಿತ್ತು, ಕನ್ನಡದಲ್ಲಿ ಕೇಳಿದರೆ ಯಾರಿಗೆ ಬೇಕಾದರೂ ಅರ್ಥವಾಗುವಂತೆ ವಿವರಿಸುತ್ತಿದ್ದ. ತರಗತಿಯಲ್ಲಿ ನಿಂತು ಓದುವಾಗ ಒಂದು ಇಂಗ್ಲಿಷ್ ಪದವನ್ನು ಬರೆದಂತೆಯೇ ಉಚ್ಚರಿಸಿದ. ಹಿಂದಿನ ಬೆಂಚಿನಿಂದ ನಗು ಬಂತು. ಅಧ್ಯಾಪಕರು ನಗು ನಿಲ್ಲಿಸಲಿಲ್ಲ, ತಾವೂ ನಕ್ಕರು. ಕಾಗದ ಹಿಡಿದ ಕೈ ಎಷ್ಟು ನಡುಗಿತೆಂದರೆ ಮುಂದಿನ ಸಾಲು ಓದಲು ಆಗಲಿಲ್ಲ ಎಂದು ಆಮೇಲೆ ಹೇಳಿದ. ಮುಂದಿನ ಸೆಮಿನಾರ್ ದಿನ ಬರಲಿಲ್ಲ. ಆಮೇಲೆ ಆ ವಿಷಯದ ತರಗತಿಗೇ ಹೋಗಲಿಲ್ಲ. ಹಾಜರಾತಿ ಕಡಿಮೆಯಾಯಿತು. ಹಾಜರಾತಿ ಕೊರತೆಗೆ ಕಾರಣ ಹೇಳಲು ಪ್ರಾಂಶುಪಾಲರ ಕೋಣೆಗೆ ಹೋಗಬೇಕು. ಸೆಮಿನಾರಿಗೇ ನಿಲ್ಲಲಾರದವನು ಅಲ್ಲಿ ನಿಲ್ಲುತ್ತಾನೆಯೇ? ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟ. ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಇರುವುದು "ಗೈರುಹಾಜರಿ" ಅಷ್ಟೇ.

ಆ ಅಧ್ಯಾಪಕರನ್ನು ಕೆಟ್ಟವರು ಎಂದು ನಾನು ಹೇಳಲಾರೆ. ಅತಿಥಿ ಉಪನ್ಯಾಸಕರಾಗಿ ವರ್ಷಕ್ಕೊಂದು ಕಡೆ ಅಲೆಯುವವರು, ಒಂದು ತರಗತಿಗೆ ನೂರರ ಹತ್ತಿರ ಮಕ್ಕಳು, ಸಿಲಬಸ್ ಮುಗಿಸುವ ಆತುರ. ಅವರಿಗೆ ಯಾರೂ ಈ ಬಗ್ಗೆ ಒಂದು ಗಂಟೆಯ ತರಬೇತಿಯನ್ನೂ ಕೊಟ್ಟಿರಲಿಲ್ಲ. ಅದಕ್ಕೇ ಈ ಪತ್ರವನ್ನು ಅವರಿಗಷ್ಟೇ ಬರೆಯದೆ ಇಲಾಖೆಗೆ ಬರೆಯುತ್ತಿದ್ದೇನೆ.

ಅಂಕ, ಹಾಜರಾತಿ, ಹಣ ಇವು ಲೆಕ್ಕಕ್ಕೆ ಸಿಗುವ ನಷ್ಟಗಳು. ಸಂಬಂಧಗಳಲ್ಲಿ ಆಗುವ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ನನಗೆ ಹೆಚ್ಚು ನೋವಾಗುವುದು ಅದಕ್ಕೆ. 18ರಿಂದ 22ರ ವಯಸ್ಸು ಜೀವಮಾನದ ಗೆಳೆಯರು ಸಿಗುವ ಕಾಲ. ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳನ್ನು ಯೆನ್ಸ್ ಆಸೆನ್‌ಡಾರ್ಫ್ ಮತ್ತು ಸುಸಾನ್ ವಿಲ್ಪರ್ಸ್ 18 ತಿಂಗಳು ಬೆನ್ನು ಹತ್ತಿ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಂಕೋಚ ಹೆಚ್ಚಿದ್ದವರಿಗೆ ಗೆಳೆಯರ ಬಳಗ ಕಟ್ಟಿಕೊಳ್ಳಲು ಜಾಸ್ತಿ ಸಮಯ ಹಿಡಿಯಿತು, ಅವರು ಪ್ರೀತಿಯಲ್ಲಿ ಬಿದ್ದದ್ದೂ ಕಡಿಮೆ. ಆ ಅವಧಿಯಲ್ಲಿ ಸ್ವಭಾವ ಸಂಬಂಧಗಳನ್ನು ಬದಲಿಸಿತೇ ಹೊರತು ಸಂಬಂಧಗಳು ಸ್ವಭಾವವನ್ನು ಹೆಚ್ಚೇನೂ ಬದಲಿಸಲಿಲ್ಲ. ಅಂದರೆ "ಕಾಲೇಜಿಗೆ ಬಂದಮೇಲೆ ತಾನಾಗಿ ಸರಿಹೋಗುತ್ತಾನೆ" ಎಂದು ಕೈಕಟ್ಟಿ ಕೂರುವಂತಿಲ್ಲ. ಬಳಗ ಕಟ್ಟಿಕೊಳ್ಳಲು ಅವರಿಗೆ ಸಮಯ ಬೇಕು. ನಮ್ಮ ಸೆಮಿಸ್ಟರ್ ಪದ್ಧತಿಯಲ್ಲಿ ಅಷ್ಟು ಸಮಯವೇ ಇಲ್ಲ. ಮೊದಲ ತಿಂಗಳಲ್ಲೇ ಗುಂಪುಗಳು ಗಟ್ಟಿಯಾಗುತ್ತವೆ. ಆಮೇಲೆ ಒಳಗೆ ಹೋಗುವುದು ಮಾತುಗಾರರಿಗೇ ಕಷ್ಟ.

ಹುಡುಗರ ದಾರಿಯೇ ಬೇರೆ, ಹುಡುಗಿಯರ ದಾರಿಯೇ ಬೇರೆ. ಅಮೆರಿಕದ ಬರ್ಕ್ಲಿಯಲ್ಲಿ 1928–29ರಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದ ದಾಖಲೆಗಳಿವೆ. ಆವ್ಷಲೋಮ್ ಕಾಸ್ಪಿ ಮತ್ತು ಜೊತೆಗಾರರು 1988ರಲ್ಲಿ ಅವನ್ನು ಪರಿಶೀಲಿಸಿದಾಗ, ಎಂಟು ಹತ್ತು ವರ್ಷದಲ್ಲಿ ಸಂಕೋಚದವರಾಗಿದ್ದ ಗಂಡುಮಕ್ಕಳು ಉಳಿದವರಿಗಿಂತ 3 ವರ್ಷ ತಡವಾಗಿ ಮದುವೆಯಾಗಿದ್ದರು, 4 ವರ್ಷ ತಡವಾಗಿ ತಂದೆಯಾಗಿದ್ದರು, ಒಂದು ಕೆಲಸದಲ್ಲಿ ನೆಲೆಯೂರಿದ್ದೂ 3 ವರ್ಷ ತಡ. ಹೆಣ್ಣುಮಕ್ಕಳಲ್ಲಿ ಮದುವೆ ತಡವಾಗಲಿಲ್ಲ. ಅವರು ಹೆಚ್ಚಾಗಿ ಮನೆವಾರ್ತೆಗೆ ಸೀಮಿತರಾದರು. ಗಂಡಿನ ಸಂಕೋಚ ಎದ್ದು ಕಾಣುತ್ತದೆ, ಹೆಣ್ಣಿನ ಸಂಕೋಚ ಮನೆಯೊಳಗೆ ಮುಚ್ಚಿಹೋಗುತ್ತದೆ.

ನಮ್ಮಲ್ಲಿ ಅದು ಇನ್ನೂ ಜಾಸ್ತಿ. ನಾಚಿಕೆ ಹೆಣ್ಣಿಗೆ ಭೂಷಣ ಎಂದುಬಿಟ್ಟರೆ ಮುಗಿಯಿತು. ಓದು ಮುಗಿಯುವ ಮೊದಲೇ ಮದುವೆ ಬೇಡ ಎಂದು ಅಪ್ಪನಿಗೆ ಹೇಳಲಾಗದೆ ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವರು ನನಗೆ ಗೊತ್ತು. ಬಸ್ಸಿನಲ್ಲಿ ದಿನವೂ ಒಬ್ಬ ಕಾಡುತ್ತಿದ್ದರೂ ಗಟ್ಟಿಯಾಗಿ ಒಂದು ಮಾತು ಹೇಳಲಾಗದೆ ಬೆಳಗಿನ ಬಸ್ಸನ್ನೇ ಬಿಟ್ಟು ಮೊದಲ ತರಗತಿ ತಪ್ಪಿಸಿಕೊಂಡವಳೂ ಗೊತ್ತು. ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾನೂನು ಹೇಳುತ್ತದೆ. ದೂರನ್ನು ಬರೆದುಕೊಡಲು ಆಗದವರಿಗೆ ಸಮಿತಿಯೇ ನೆರವಾಗಬೇಕು ಎಂದೂ ಅದರಲ್ಲಿದೆ. ಆದರೆ ಸಮಿತಿಯ ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿದ್ದರೆ ಸಾಲದು. ನಾಲ್ಕೈದು ಹಿರಿಯರ ಮುಂದೆ ಕೂತು ಹೇಳಬೇಕು ಎಂದ ಕೂಡಲೇ ಇಂಥ ಹುಡುಗಿ ದೂರನ್ನೇ ಬಿಡುತ್ತಾಳೆ. ಮೊದಲು ಒಬ್ಬ ಅಧ್ಯಾಪಕಿ ಅವಳ ಜೊತೆ ಕೂತು ಬರೆಸಿಕೊಳ್ಳಬೇಕು. ಅಷ್ಟು ಮಾಡಿದರೆ ದೂರು ಸಮಿತಿಯನ್ನು ಮುಟ್ಟುತ್ತದೆ.

ಹುಡುಗರಲ್ಲಿ ಇನ್ನೊಂದು ಅಪಾಯ ಕಂಡಿದ್ದೇನೆ. "ಒಂದು ಬಿಯರ್ ಹಾಕಿದರೆ ಮಾತು ತಾನಾಗಿ ಬರುತ್ತೆ ಮೇಡಂ" ಎಂದು ಹಾಸ್ಟೆಲಿನ ಹುಡುಗನೊಬ್ಬ ನನಗೇ ಹೇಳಿದ. ಮೆಲು ಮಾತಿನ, ಕಣ್ಣೆತ್ತಿ ನೋಡದ ಹುಡುಗ. ಕುಡಿದಾಗ ಮಾತ್ರ ಗೆಳೆಯರು ಸಿಗುತ್ತಾರೆ ಎಂದು ಒಬ್ಬ 19 ವರ್ಷದವನಿಗೆ ಅನ್ನಿಸಿದರೆ ಅವನು ಮುಂದೆ ಎಲ್ಲಿಗೆ ಹೋಗುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. ಮೊಬೈಲ್ ಕೂಡ ಹಾಗೆಯೇ ಎರಡು ಕಡೆ ಎಳೆಯುತ್ತದೆ. ಎದುರಿಗೆ ಮಾತಾಡದವರು ವಾಟ್ಸಾಪಿನಲ್ಲಿ ಚೆಂದವಾಗಿ ಬರೆಯುತ್ತಾರೆ, ಅದು ಒಳ್ಳೆಯದೇ. ಆದರೆ ರಾತ್ರಿಯಿಡೀ ಬರೆದು ಮಾತಾಡಿದವರನ್ನು ಬೆಳಿಗ್ಗೆ ಕಾರಿಡಾರಿನಲ್ಲಿ ಕಂಡರೆ ತಲೆ ತಗ್ಗಿಸಿ ಹೋಗುವವರನ್ನೂ ನೋಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರು ಒಂಟಿತನದಲ್ಲಿದ್ದಾರೆ. 13ರಿಂದ 29ರ ವಯಸ್ಸಿನವರಲ್ಲಿ ಅದು ಶೇಕಡ 17ರಿಂದ 21. ಒಂಟಿತನ ಎಂದರೆ ವಯಸ್ಸಾದವರ ಪಾಡು ಎಂದು ನಾವು ತಿಳಿದಿದ್ದೇವೆ, ಅಲ್ವಾ? ನಮ್ಮ ತರಗತಿಯ ಬೆಂಚುಗಳ ಮೇಲೂ ಅದು ಕೂತಿದೆ.

ಸಂಕೋಚ ಕಾಯಿಲೆಯಲ್ಲ. ಅದನ್ನು ಕಾಯಿಲೆ ಮಾಡಿ ಮಾತ್ರೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಅಮೆರಿಕದ ಹದಿಹರೆಯದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾವು ಸಂಕೋಚದವರು ಎಂದವರಲ್ಲಿ ಶೇಕಡ 12ರಷ್ಟು ಮಂದಿಗೆ ಮಾತ್ರ ವೈದ್ಯರು ಸಾಮಾಜಿಕ ಆತಂಕದ ತೊಂದರೆ ಎಂದು ಕರೆಯುವ ಸ್ಥಿತಿ ಇತ್ತು. ಆದರೆ ಆ ಕೆಲವರ ಕಷ್ಟ ಚಿಕ್ಕದಲ್ಲ. ಜನರೆದುರು ಊಟ ಮಾಡಲಾಗದು, ಸಹಿ ಹಾಕಲಾಗದು, ಹೆಸರು ಕೂಗಿದರೆ ಎದೆ ಹೊಡೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಹೀಗೇ. ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಯೋಚನೆಯ ದಾರಿಯನ್ನು ತಿದ್ದುತ್ತಾ, ಹೆದರುವ ಸಂದರ್ಭಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ಎದುರಿಸುವ ಅಭ್ಯಾಸ ಅದು. ಯಾರಿಗೆ ಸ್ವಲ್ಪ ಹೊತ್ತು, ಸ್ವಲ್ಪ ನೆರವು ಸಾಕು, ಯಾರಿಗೆ ವೈದ್ಯರು ಬೇಕು ಎಂದು ತಿಳಿದವರೊಬ್ಬರು ಕಾಲೇಜಿನಲ್ಲಿ ಇರಬೇಕು.

"ಹೊರಗಿನ ಜಗತ್ತು ಇವರಿಗಾಗಿ ಮೆತ್ತಗಾಗುತ್ತದೆಯೇ? ಧೈರ್ಯ ಕಲಿಯಲೇಬೇಕು" ಎಂದು ಅನೇಕ ಅಧ್ಯಾಪಕರು ಹೇಳುತ್ತಾರೆ. ಕಲಿಯಬೇಕು, ನನಗೂ ಒಪ್ಪಿಗೆ. ಆದರೆ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಇಳಿಸುತ್ತಾರೆ. ಕಾಲೇಜು ಮಾತ್ರ ಬುರುಡೆ ಕಟ್ಟದೆ ತಳ್ಳುತ್ತದೆ. ಪ್ರವೇಶ ಪಡೆದ ವಾರದಲ್ಲೇ ನೂರು ಜನರ ಮುಂದೆ "ಸೆಲ್ಫ್ ಇಂಟ್ರೊಡಕ್ಷನ್" ಕೊಡು, ಅದೂ ಇಂಗ್ಲಿಷಿನಲ್ಲಿ, ಅನ್ನುತ್ತದೆ. ಮುಳುಗಿದವರನ್ನು "ಅವನಿಗೆ ಆಸಕ್ತಿ ಇಲ್ಲ" ಎನ್ನುತ್ತದೆ.

ಈಗ ನನ್ನ ಕೋರಿಕೆಗಳು. ಮೊದಲನೆಯದು ಕೋರಿಕೆ ಎನ್ನುವುದಕ್ಕಿಂತ ನೆನಪು ಮಾಡಿಕೊಡುವುದು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿಶಾಖಪಟ್ಟಣದಲ್ಲಿ ತೀರಿಕೊಂಡ ಒಬ್ಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆ ಪಡೆದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು ಎಂದೂ ಹೇಳಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕೂಡ 2023ರ ಮಾರ್ಗಸೂಚಿಯಲ್ಲಿ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಸೇವಾ ಕೇಂದ್ರ ಇರಲಿ ಎಂದಿದೆ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಎಷ್ಟರಲ್ಲಿ ತರಬೇತಿ ಪಡೆದ ಸಮಾಲೋಚಕರು ಇದ್ದಾರೆ ಎಂಬ ಪಟ್ಟಿಯನ್ನು ಇಲಾಖೆ ಬಹಿರಂಗಪಡಿಸಬೇಕು. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಆಪ್ತಸಮಾಲೋಚನೆ ಎನ್ನುವುದು ಒಬ್ಬ ಅಧ್ಯಾಪಕರ ಹೆಸರಿಗೆ ಹಚ್ಚಿದ ಹೆಚ್ಚುವರಿ ಜವಾಬ್ದಾರಿಯಾಗಿತ್ತು. ಅವರೇ ಆಂತರಿಕ ಅಂಕ ಹಾಕುವವರೂ ಆಗಿದ್ದರು. ಅಂಕ ಹಾಕುವವರ ಮುಂದೆ ಯಾವ ಮಗು ಮನಸ್ಸು ಬಿಚ್ಚುತ್ತದೆ?

ಸಮಾಲೋಚಕರ ಕೋಣೆ ಎಲ್ಲಿದೆ ಎನ್ನುವುದೂ ಮುಖ್ಯ. ಪ್ರಾಂಶುಪಾಲರ ಕೋಣೆಯ ಪಕ್ಕ, ಎಲ್ಲರೂ ಓಡಾಡುವಲ್ಲಿ, ದೊಡ್ಡ ಬೋರ್ಡ್ ಹಾಕಿ ಇಟ್ಟರೆ ಸಂಕೋಚದವರು ಆ ಬಾಗಿಲು ತಳ್ಳುವುದಿಲ್ಲ. ಲೈಬ್ರರಿಯ ಒಂದು ಮೂಲೆಯಲ್ಲಿ ಇಡಿ. ಚೀಟಿ ಬರೆದು ಅಥವಾ ಮೆಸೇಜ್ ಕಳಿಸಿ ಸಮಯ ಪಡೆಯುವಂತೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಕನ್ನಡದಲ್ಲೂ ಸಿಗುತ್ತದೆ, 2022ರಿಂದ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮ ರಾಜ್ಯದ್ದೇ. ಈ ಎರಡೂ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಾದರೂ ಅಪರಿಚಿತರಿಗೆ ಫೋನ್ ಮಾಡುವುದೇ ಇವರಿಗೆ ಅತಿ ಕಷ್ಟದ ಕೆಲಸ. ಮೊದಲ ಕರೆ ಮಾಡುವಾಗ ಯಾರಾದರೂ ಜೊತೆಗೆ ಕೂರಬೇಕು.

ಎರಡನೆಯದಾಗಿ, ಸೆಮಿನಾರ್ ಮತ್ತು ವೈವಾ (ಮೌಖಿಕ ಪರೀಕ್ಷೆ) ವಿಷಯ. ಇವನ್ನು ತೆಗೆದುಹಾಕಿ ಎನ್ನುವುದಿಲ್ಲ, ಮೆಟ್ಟಿಲು ಕಟ್ಟಿ ಎನ್ನುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕೈದು ಜನರ ಗುಂಪಿನೆದುರು ಮಾತಾಡಲಿ. ಕನ್ನಡದಲ್ಲಿ ಹೇಳಲು ಬಿಡಿ. ಮುಂದಿನದರಲ್ಲಿ ಅರ್ಧ ತರಗತಿಯ ಎದುರು, ಆಮೇಲೆ ಪೂರ್ತಿ ತರಗತಿಯ ಎದುರು. ದಿನಾಂಕ ಮೊದಲೇ ತಿಳಿಸಿ. ಯಾರಾದರೂ ಮಾತಾಡುವಾಗ ನಗುವುದನ್ನು ಅಧ್ಯಾಪಕರು ಅಲ್ಲೇ ನಿಲ್ಲಿಸಬೇಕು ಎಂದು ಲಿಖಿತ ಸೂಚನೆ ಹೋಗಲಿ. ಪ್ರಶ್ನೆ ಕೇಳಿದ ಮೇಲೆ ಒಂದಿಷ್ಟು ಕಾಯುವುದನ್ನೂ ಕಲಿಸಿ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಇದಕ್ಕೆ ಅನುದಾನ ಬೇಕಾಗಿಲ್ಲ, ಹುದ್ದೆ ಮಂಜೂರಾಗಬೇಕಿಲ್ಲ. ಪಕ್ಕದವರೊಡನೆ ಮೊದಲು ಚರ್ಚಿಸಿ ಆಮೇಲೆ ತರಗತಿಗೆ ಹೇಳುವ ಪದ್ಧತಿಯೂ ಹಾಗೆಯೇ. ಅದರಿಂದ ಪಾಠದ ಜೊತೆಗೆ ಪಕ್ಕದವರ ಪರಿಚಯವೂ ಆಗುತ್ತದೆ. ಗೆಳೆತನ ಶುರುವಾಗಲು ಸಂಕೋಚದವರಿಗೆ ಬೇಕಾದದ್ದು ಮಾತಾಡಲು ಒಂದು ಕಾರಣ.

ಮೂರನೆಯದು ಕಚೇರಿಗೆ ಸಂಬಂಧಿಸಿದ್ದು. ಪ್ರತಿ ಕಾಲೇಜಿನ ಕಚೇರಿಯಲ್ಲೂ ಬರೆದು ಕೇಳುವ ಡಬ್ಬ ಇರಲಿ. ಅದಕ್ಕೆ ಮೂರು ದಿನದಲ್ಲಿ ಬರೆದೇ ಉತ್ತರ ಕೊಡಲಿ. ಸ್ಕಾಲರ್‌ಶಿಪ್ ನಿಂತ ಮಕ್ಕಳ ಪಟ್ಟಿ ಕಾಲೇಜಿಗೆ ಸಿಗುತ್ತದೆ ತಾನೇ? ಅವರು ಬಂದು ಕೇಳಲಿ ಎಂದು ಕಾಯದೆ, ಪಟ್ಟಿ ನೋಡಿ ಕಾಲೇಜೇ ಅವರನ್ನು ಒಬ್ಬೊಬ್ಬರಾಗಿ ಕರೆದು ಹೇಳಲಿ. ಹಾಜರಾತಿ ಕುಸಿಯುತ್ತಿರುವ ಮಗುವನ್ನೂ ಪರೀಕ್ಷೆಯ ಮುಂಚಿನ ವಾರದವರೆಗೆ ಬಿಡದೆ, ಮೊದಲ ತಿಂಗಳಲ್ಲೇ ಒಬ್ಬರು ಕರೆದು, ಬಾಗಿಲು ಹಾಕಿಕೊಂಡು, ಬೈಯದೆ ಏನಾಗಿದೆ ಎಂದು ಕೇಳಲಿ. ಹಾಗೆ ಯಾರಾದರೂ ಕೇಳಿದ್ದರೆ ಆ ಬಿಸಿಎ ಹುಡುಗ ಪದವಿ ಮುಗಿಸುತ್ತಿದ್ದ ಎಂದು ನಾನು ನಂಬಿದ್ದೇನೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ನಿಮ್ಮ ತರಗತಿಯಲ್ಲಿ ವರ್ಷವಿಡೀ ಒಂದು ಮಾತೂ ಆಡದವರ ಹೆಸರುಗಳನ್ನು ಒಮ್ಮೆ ಬರೆದು ನೋಡಿ. ಹೆಸರೇ ನೆನಪಿಗೆ ಬಾರದಿದ್ದರೆ ಹಾಜರಿ ಪುಸ್ತಕ ತೆರೆದು ಹುಡುಕಿ. ವಾರಕ್ಕೆ ಒಬ್ಬರನ್ನು, ತರಗತಿ ಮುಗಿದ ಮೇಲೆ, ಉಳಿದವರು ಹೋದ ಮೇಲೆ, ಹೆಸರು ಹಿಡಿದು ಮಾತಾಡಿಸಿ. "ಏಕೆ ಮಾತಾಡಲ್ಲ" ಎಂದು ಮಾತ್ರ ಕೇಳಬೇಡಿ. ಊರು ಯಾವುದು, ಬಸ್ಸು ಎಷ್ಟಕ್ಕೆ, ಮೊನ್ನೆ ಬರೆದ ಉತ್ತರ ಚೆನ್ನಾಗಿತ್ತು ಎನ್ನುವುದರಿಂದ ಶುರು ಮಾಡಿ. ನಾಲ್ಕನೇ ಸಲಕ್ಕೆ ಅವರೇ ಮಾತಾಡುತ್ತಾರೆ. ಮಾತಾಡತೊಡಗಿದ ಮೇಲೆ ನಿಲ್ಲಿಸಲಾಗದಷ್ಟು ಮಾತಾಡುವವರನ್ನೂ ನಾನು ಕಂಡಿದ್ದೇನೆ.

ಮಾನ್ಯ ಆಯುಕ್ತರೇ, ಮುಂದಿನ ಶೈಕ್ಷಣಿಕ ವರ್ಷದ ತರಗತಿಗಳು ಶುರುವಾಗುವ ಮೊದಲೇ ಈ ಕುರಿತು ಒಂದು ಸುತ್ತೋಲೆ ಹೊರಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸಮಾಲೋಚಕರ ನೇಮಕಕ್ಕೆ ಸಮಯ ಹಿಡಿಯಬಹುದು. ಸೆಮಿನಾರಿನ ಮೆಟ್ಟಿಲುಗಳಿಗೆ, ಕಚೇರಿಯ ಡಬ್ಬಕ್ಕೆ, ತರಗತಿಯ 3 ಸೆಕೆಂಡಿಗೆ ಯಾವ ಕಡತವೂ ಕಾಯಬೇಕಿಲ್ಲ. ನನ್ನ ಹತ್ತಿರ ಉಳಿದಿರುವ ಚೀಟಿಗಳನ್ನು, ಬರೆದವರ ಹೆಸರು ತೆಗೆದು, ಇಲಾಖೆ ಕೇಳಿದರೆ ತಂದು ಒಪ್ಪಿಸಲು ಸಿದ್ಧಳಿದ್ದೇನೆ.

ಗೌರವದೊಂದಿಗೆ,
ನಿವೃತ್ತ ಗ್ರಂಥಪಾಲಕಿ,
ಸರ್ಕಾರಿ ಪದವಿ ಕಾಲೇಜು